ಮಟ್ಟಸಕ್ಕ ಚೆಂಡು ಜೋಡಿಸಿದ ಮೂರು ದಿನ

ಅವಳನ್ನು ಮೊದಲು ಮಟ್ಟಸಕ್ಕ ಎಂದು ಕರೆದವರು ಬೈಂಡಿಂಗ್ ಕಾರ್ಖಾನೆಯ ಹೆಂಗಸರು. ಐನೂರು ಹಾಳೆಯ ಕಟ್ಟನ್ನು ಕತ್ತರಿಸುವ ಯಂತ್ರಕ್ಕೆ ಕೊಡುವ ಮೊದಲು ನಾಲ್ಕೂ ಅಂಚುಗಳನ್ನು ಮೇಜಿಗೆ ಕುಟ್ಟಿ ಸಮ ಮಾಡಬೇಕು. ಉಳಿದವರು ಮೂರು ಸಲ ಕುಟ್ಟಿ ಕೈ ಝಾಡಿಸಿಬಿಡುತ್ತಿದ್ದರು. ಇವಳು ಅಂಚಿನ ಮೇಲೆ ಹೆಬ್ಬೆರಳು ಎಳೆದು ನೋಡುತ್ತಿದ್ದಳು. ಒಂದು ಹಾಳೆ ಕೂದಲೆಳೆಯಷ್ಟು ಆಚೆ ಚಾಚಿದ್ದರೂ ಇಡೀ ಕಟ್ಟನ್ನು ಬಿಚ್ಚಿ ಮತ್ತೆ ಕುಟ್ಟುತ್ತಿದ್ದಳು. "ಇವಳ ಕೈಗೆ ಬೆಟ್ಟ ಕೊಟ್ರೂ ಮಟ್ಟಸ ಮಾಡಿ ವಾಪಸ್ ಕೊಡ್ತಾಳೆ" ಎಂದು ಯಾರೋ ನಕ್ಕರು. ಹೆಸರು ಅಂಟಿಕೊಂಡಿತು. ಕೊನೆಗೆ ಗಂಡನೂ ಅದನ್ನೇ ಹಿಡಿದ. ಗಂಡ ಸಿಟಿ ಬಸ್ಸಿನ ಚಾಲಕ. ಬೆಳಿಗ್ಗೆ ಹಾಸಿಗೆಯ ಮೇಲಿನ ಹೊದಿಕೆ ಎಳೆದು, "ಮಟ್ಟಸ ಇದ್ಯಾ ನೋಡಮ್ಮ, ಇಲ್ಲಾಂದ್ರೆ ನನ್ನನ್ನೇ ಬಿಚ್ಚಿ ಕುಟ್ತೀಯ" ಎನ್ನುತ್ತಿದ್ದ.

ಆದರೆ ಆ ಕೈ ಕಾರ್ಖಾನೆಯಲ್ಲಿ ಕಲಿತದ್ದಲ್ಲ. ಅವಳ ಅಪ್ಪ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಉದ್ದನೆಯ ಕೋಣೆಯಲ್ಲಿ, ಕೋಲಿನಿಂದ ಚೆಂಡು ಹೊಡೆದು ಅಂಚಿನ ಗುಂಡಿಗಳಿಗೆ ಬೀಳಿಸುವ ಪೂಲ್ ಆಟದ ಎರಡು ಮೇಜು ಹಾಕಿಕೊಂಡು ಸಂಸಾರ ತೂಗಿಸಿದವನು. ಶಾಲೆ ಬಿಟ್ಟೊಡನೆ ಅವಳ ಕೆಲಸ ಅಲ್ಲಿ ಶುರು. ಒಂದರಿಂದ ಒಂಬತ್ತರವರೆಗಿನ ಚೆಂಡುಗಳನ್ನು ಒರೆಸಿ, ಮರದ ಚೌಕಟ್ಟಿನೊಳಗೆ ವಜ್ರದ ಆಕಾರದಲ್ಲಿ ಜೋಡಿಸಿ, ಹಿಂದಿನಿಂದ ಬೆರಳುಗಳಿಂದ ಒತ್ತಿ, ಚೌಕಟ್ಟನ್ನು ಮೆಲ್ಲಗೆ ಎತ್ತುವುದು. ಚೆಂಡಿಗೂ ಚೆಂಡಿಗೂ ನಡುವೆ ಬೆಳಕು ಕಾಣಬಾರದು. ಕಂಡರೆ ಬಿಳಿ ಚೆಂಡಿನ ಪೆಟ್ಟು ಎಷ್ಟೇ ಜೋರಾಗಿ ಬಿದ್ದರೂ ಗುಂಪು ಒಡೆಯುವುದಿಲ್ಲ, ತೌಡು ಕುಟ್ಟಿದಂತೆ ಸಪ್ಪೆಯಾಗಿ ಕದಲಿ ಕೂತುಬಿಡುತ್ತದೆ. ಜೋಡಿಸುವವರ ಮನಸ್ಸು ಕೆಟ್ಟಿದ್ದರೆ ಆಟ ಅಲ್ಲೇ ಕೆಟ್ಟಂತೆ. ಅವಳಿಗೆ ಕೋಲು ಹಿಡಿದು ಆಡುವ ಆಸೆ ಎಂದೂ ಹುಟ್ಟಲಿಲ್ಲ. ಚೆಂಡುಗಳು ಒಂದಕ್ಕೊಂದು ಅಂಟಿ ನಿಂತ ಆ ಗಳಿಗೆಯೇ ಅವಳಿಗೆ ಇಷ್ಟ. "ನೀನು ಕಟ್ಟೋದು, ನಾನು ಒಡೆಯೋದು" ಎಂದು ತಮ್ಮ ರೇಗಿಸುತ್ತಿದ್ದ.

ಅವಳಿಗಿಂತ ಆರು ವರ್ಷ ಚಿಕ್ಕವನಾದ ಆ ತಮ್ಮನೇ ಮುಂದೆ ಗುಬ್ಬಿ ಎಂದು ಹೆಸರಾದವನು. ಸಣ್ಣ ಮೈ, ಒಂದು ಕಡೆ ನಿಲ್ಲದ ಕಾಲು. ಮೇಜಿನ ಸುತ್ತ ಪುರ್ರೆಂದು ಸುತ್ತುತ್ತ, ನೋಡಿದ್ದೇ ತಡ ಹೊಡೆದುಬಿಡುತ್ತಿದ್ದ. ಹೊಡೆದದ್ದು ಬೀಳುತ್ತಿತ್ತು. ಅಪ್ಪ ತೀರಿಕೊಂಡು ಮೇಜುಗಳು ಮಾರಿಹೋದ ಮೇಲೂ ಅವನು ಕೋಲು ಬಿಡಲಿಲ್ಲ. ಮೂವತ್ತಾರನೆಯ ವಯಸ್ಸಿಗೆ ಎರಡು ದೊಡ್ಡ ಪ್ರಶಸ್ತಿ ಗೆದ್ದಿದ್ದ.

ಎರಡನ್ನು ಗೆದ್ದ ಇನ್ನೊಬ್ಬನೂ ಇದ್ದ. ಅವನನ್ನು ಜನ ಗಡಿಯಾರ ಎನ್ನುತ್ತಿದ್ದರು. ಎತ್ತರದ ಆಳು, ಇಸ್ತ್ರಿ ಕೆಡದ ಅಂಗಿ. ಸುಲಭದ ಹೊಡೆತವಿರಲಿ, ಕಷ್ಟದ್ದಿರಲಿ, ಬಾಗುವುದು ಅದೇ ಲಯ, ಕೋಲು ಎಳೆಯುವುದು ಅದೇ ಮೂರು ಸಲ. ಗುಬ್ಬಿಗೆ ಅವನ ಆಟ ನೋಡುತ್ತ ಕೂರುವುದೆಂದರೆ ಮೈಮೇಲೆ ಇರುವೆ ಬಿಟ್ಟಂತೆ. ಗಡಿಯಾರಕ್ಕೆ ಗುಬ್ಬಿಯ ಆಟ ಆಟವೇ ಅಲ್ಲ, ಹುಡುಗಾಟ. ಹನ್ನೊಂದು ವರ್ಷ ಇಬ್ಬರೂ ಎಣ್ಣೆ ಸೀಗೆಕಾಯಿಯಂತೆ ಇದ್ದರು. ಟೂರ್ನಮೆಂಟುಗಳಲ್ಲಿ ಇವತ್ತು ಇವನು, ನಾಳೆ ಅವನು. ಸೋತವನು ಪ್ರತಿಸಲವೂ "ಅದೃಷ್ಟ" ಎಂದು ಹೇಳಿ ಕೋಲನ್ನು ಚೀಲಕ್ಕೆ ತುರುಕುತ್ತಿದ್ದ.

ಹೀಗಿರುವಾಗ ಗಡಿಯಾರ ಒಂದು ವಿಡಿಯೋ ಸಂದರ್ಶನದಲ್ಲಿ ತಣ್ಣಗೆ ಹೇಳಿದ: "ಗುಬ್ಬಿ ಒಳ್ಳೆ ಆಟಗಾರ. ಸಂಘಟಕರು ಕೊಡೋ ದುಡ್ಡಿಗೆ ಚೆನ್ನಾಗಿ ಆಡ್ತಾನೆ. ತನ್ನ ಜೇಬಿನ ದುಡ್ಡು ಮೇಜಿನ ಮೇಲೆ ಇಟ್ರೆ ಕೈ ನಡುಗತ್ತೆ, ಅಷ್ಟೇ."

ಗುಬ್ಬಿ ಅದನ್ನು ನೋಡಿದ್ದು ಮಧ್ಯಾಹ್ನ ಎರಡಕ್ಕೆ. ಎರಡೂ ಹತ್ತಕ್ಕೆ ಫೋನಿನಲ್ಲೇ ಪಂದ್ಯ ನಿಗದಿಯಾಗಿತ್ತು. ಮೂರು ದಿನ, ಮೊದಲು ಎಪ್ಪತ್ತೈದು ಆಟ ಗೆದ್ದವನಿಗೆ ಎಲ್ಲ ಹಣ; ಹಣ ಸ್ವಂತದ್ದೇ ಆಗಿರಬೇಕು. ಮನೆಯ ಮೇಲೆ ಎರಡು ಕೋಣೆ ಎಬ್ಬಿಸಲೆಂದು ಕೂಡಿಟ್ಟದ್ದನ್ನೆಲ್ಲ ಗುಬ್ಬಿ ಪಣಕ್ಕಿಟ್ಟ. ಅವನ ಹೆಂಡತಿ ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡಳು.

ಇನ್ನು ಉಳಿದದ್ದು ಚೆಂಡು ಜೋಡಿಸಿ, ತಪ್ಪು ಹೇಳುವ ಒಬ್ಬ ತಟಸ್ಥ ಮನುಷ್ಯ. ಗುಬ್ಬಿ ಆರು ಹೆಸರು ಹೇಳಿದ, ಗಡಿಯಾರ ಆರನ್ನೂ ಬೇಡವೆಂದ. ಅವನು ಹೇಳಿದ ಏಳು ಹೆಸರಿಗೆ ಗುಬ್ಬಿ ಮೂಗು ಮುರಿದ. ಪಂದ್ಯ ಇಲ್ಲೇ ಮುರಿದುಬೀಳುತ್ತದೆ ಎಂದುಕೊಳ್ಳುವಷ್ಟರಲ್ಲಿ ಗಡಿಯಾರ ಫೋನಿನಲ್ಲಿ ಹೇಳಿದ: "ನಿನ್ನ ಅಕ್ಕ ಇದ್ದಾರಲ್ಲ, ಅವರನ್ನ ನಿಲ್ಸು."

"ನನ್ನ ಅಕ್ಕನ್ನಾ?" ಗುಬ್ಬಿಗೆ ತಾನು ಕೇಳಿದ್ದರ ಮೇಲೆ ನಂಬಿಕೆ ಬರಲಿಲ್ಲ.

"ಅವರಾದ್ರೆ ನಾನು ಆಡ್ತೀನಿ. ಇಲ್ಲಾಂದ್ರೆ ಇಲ್ಲ."

ಇದಕ್ಕೊಂದು ಹಿಂದಿನ ಕತೆಯಿತ್ತು. ಇಪ್ಪತ್ತು ವರ್ಷದ ಹಿಂದೆ ಹದಿನೆಂಟರ ಒಬ್ಬ ಪರಸ್ಥಳದ ಯುವಕ ಕೋಲು ಹಿಡಿದು ಅಪ್ಪನ ಕೋಣೆಗೆ ಬಂದಿದ್ದ. ಗುಬ್ಬಿಯ ಮೇಲೆ ಅಪ್ಪ ಮೊದಲ ಸಲ ಬಾಜಿ ಕಟ್ಟಿದ್ದ ಆಟ ಅದು. ಗುಬ್ಬಿ ಗೆಲ್ಲುವುದರಲ್ಲಿದ್ದಾಗ ಅವನ ಅಂಗಿಯ ತುದಿ ಒಂದು ಚೆಂಡಿಗೆ ಸವರಿತು. ಯಾರೂ ನೋಡಿರಲಿಲ್ಲ. ಮೇಜಿನ ತಲೆಯ ಬಳಿ ಒರೆಸುವ ಬಟ್ಟೆ ಹಿಡಿದು ನಿಂತಿದ್ದ ಅಕ್ಕ, "ಅಂಗಿ ತಾಗಿತು" ಎಂದುಬಿಟ್ಟಳು. ಗುಬ್ಬಿ ಸೋತ. ಅಪ್ಪ ಒಂದು ವಾರ ಮಗಳ ಜೊತೆ ಮಾತು ಬಿಟ್ಟ. ಗೆದ್ದ ಯುವಕ ಮೆಟ್ಟಿಲಿಳಿಯುವಾಗ ಎರಡು ಸಲ ಹಿಂತಿರುಗಿ ನೋಡಿದ್ದ. ಅವನೇ ಈಗಿನ ಗಡಿಯಾರ.

ಸುದ್ದಿ ತಿಳಿದ ಸಂಜೆಯೇ ಗುಬ್ಬಿಯ ಹೆಂಡತಿ ಮೌನ ಮುರಿದು ಬಂದಳು. ಮಟ್ಟಸಕ್ಕ ಒಗೆದ ಬಟ್ಟೆ ಮಡಚುತ್ತಿದ್ದಳು.

"ಅತ್ತಿಗೆ, ಆಗಲ್ಲ ಅಂತ ಹೇಳಿಬಿಡಿ. ಗೆದ್ರೆ ಅಕ್ಕ ಗೆಲ್ಸಿದ್ಲು ಅಂತಾರೆ. ಸೋತ್ರೆ ನಿಮ್ಮ ತಮ್ಮನೇ ಅಕ್ಕ ಸೋಲ್ಸಿದ್ಲು ಅಂತಾನೆ. ಅಡಕತ್ತರಿಯಲ್ಲಿ ಕೈ ಇಡ್ತಿದ್ದೀರ."

"ಅಡಿಕೆ ಕತ್ತರಿ ಏನು, ದಿನಾ ಐನೂರು ಹಾಳೆ ಕತ್ತರಿಸೋ ಬ್ಲೇಡ್ ಕೆಳಗೆ ಕೈ ಇಡ್ತೀನಿ" ಎಂದಳು ಮಟ್ಟಸಕ್ಕ. ಮಾತು ಹಗುರಾಗಿ ಬಂದರೂ ಮಡಚಿಟ್ಟ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚಿದಳು. ಆದರೆ ಅಳುಕಿನ ಅಡಿಯಲ್ಲಿ ಇನ್ನೊಂದು ಏನೋ ಪುಟಿಯುತ್ತಿತ್ತು. ಇಪ್ಪತ್ತು ವರ್ಷದಿಂದ ಅವಳು ಚೌಕಟ್ಟು ಮುಟ್ಟಿರಲಿಲ್ಲ. ದೇಶದ ಇಬ್ಬರು ದೊಡ್ಡ ಆಟಗಾರರು ಅವಳು ಜೋಡಿಸಿದ್ದನ್ನು ಒಡೆಯಲಿದ್ದರು. ಬೆರಳ ತುದಿಗಳು ಆಗಲೇ ಜುಮ್ಮೆನ್ನುತ್ತಿದ್ದವು. ಮರುದಿನ ಮೂರು ದಿನದ ರಜೆ ಬರೆದುಕೊಟ್ಟಳು. ಕಾರಣ ಎಂಬಲ್ಲಿ "ಮನೆ ಕೆಲಸ" ಎಂದು ಬರೆದಳು.

ಪಂದ್ಯ ನಡೆದದ್ದು ಖಾಲಿಯಾಗಿದ್ದ ಒಂದು ಪೀಠೋಪಕರಣ ಮಳಿಗೆಯಲ್ಲಿ. ನಡುವೆ ಒಂದೇ ಮೇಜು, ಅದರ ಮೇಲೆ ಬಿಳಿ ದೀಪಗಳ ಸಾಲು, ಸುತ್ತ ಹಂತಹಂತವಾಗಿ ಇನ್ನೂರು ಕುರ್ಚಿ. ಎರಡು ಕ್ಯಾಮೆರಾ ಎಲ್ಲವನ್ನೂ ಮೊಬೈಲುಗಳಿಗೆ ಕಳಿಸುತ್ತಿದ್ದವು. ನಿಯಮ ಸರಳ: ಮೇಜಿನ ಮೇಲಿರುವ ಚಿಕ್ಕ ಅಂಕಿಯ ಚೆಂಡಿಗೇ ಬಿಳಿ ಚೆಂಡು ಮೊದಲು ತಾಗಬೇಕು, ಒಂಬತ್ತನ್ನು ಬೀಳಿಸಿದವನಿಗೆ ಆ ಆಟ. ಒಂದು ಆಟ ಅವನು ಒಡೆದರೆ ಮುಂದಿನದು ಇವನು. ಗುಬ್ಬಿಯ ಹಟಕ್ಕೆ ಇನ್ನೊಂದು ಸೇರಿತ್ತು: ಪ್ರತಿ ಹೊಡೆತಕ್ಕೆ ನಲವತ್ತೇ ಸೆಕೆಂಡು, ಮೂವತ್ತಾದಾಗ ಅಕ್ಕ ಕೂಗಿ ಹೇಳಬೇಕು. ಗಡಿಯಾರಕ್ಕೆ ಚುರುಕು ಮುಟ್ಟಿಸಲು ಅವನು ಹೂಡಿದ ಉಪಾಯ ಅದು.

ಹನ್ನೊಂದು ಗಂಟೆಗೆ ಮಟ್ಟಸಕ್ಕ ಕಾರ್ಖಾನೆಗೆ ಹೋಗುವ ಅದೇ ಬಟ್ಟೆಯಲ್ಲಿ ಬಂದು ಚೆಂಡುಗಳನ್ನು ಒರೆಸಿದಳು. ಮೊದಲ ಸಲ ಚೌಕಟ್ಟು ಎತ್ತಿದಾಗ ಕಣ್ಣನ್ನು ಮೇಜಿನ ಮಟ್ಟಕ್ಕೆ ಇಳಿಸಿ ನೋಡಿದಳು. ಬೆಳಕು ಎಲ್ಲೂ ತೂರುತ್ತಿರಲಿಲ್ಲ. ಗಡಿಯಾರ ಬಾಗಿದ, ಮೂರು ಸಲ ಕೋಲು ಎಳೆದ, ಹೊಡೆದ. ಒಂಬತ್ತೂ ಚೆಂಡು ಸಿಡಿದು ನಾಲ್ಕು ದಿಕ್ಕಿಗೆ ಹರಡಿದ ಸದ್ದಿಗೆ ಇನ್ನೂರು ಜನರ ಬೆನ್ನು ನೆಟ್ಟಗಾಯಿತು.

ಮೊದಲ ದಿನ ಗುಬ್ಬಿಯದು. ಅವನು ಆಡಿದ್ದನ್ನು ನೋಡಿದವರು ಆಮೇಲೆ ಎಷ್ಟು ಹೇಳಿದರೂ ಮಾತು ಸಾಲಲಿಲ್ಲ. ಒಂದು ಹಂತದಲ್ಲಿ ಸತತ ಏಳು ಆಟ ಗೆದ್ದ. ಗಡಿಯಾರ ಕುರ್ಚಿಯಲ್ಲಿ ಕೂತು ಕೋಲಿನ ತುದಿಗೆ ಉಜ್ಜುವ ನೀಲಿ ಸುಣ್ಣದ ತುಂಡನ್ನು ಬೆರಳಲ್ಲಿ ತಿರುಗಿಸುತ್ತಿದ್ದ. ಸಂಜೆಗೆ ಇಪ್ಪತ್ತೊಂಬತ್ತು–ಇಪ್ಪತ್ತು. ಮೂರನೆಯ ಸಾಲಿನಲ್ಲಿ ಒಬ್ಬ ಟೈರ್ ವ್ಯಾಪಾರಿ ಕೂತಿದ್ದ. ಗಡಿಯಾರದ ಮೇಲೆ ಬೇರೆಯವರ ಜೊತೆ ಬಾಜಿ ಕಟ್ಟಿದ್ದವನು. ಅವನು ಎದ್ದು, "ಮನೆಯವರೇ ಬಡಿಸೋಕೆ ನಿಂತ್ರೆ ಕೊನೇ ಪಂಕ್ತಿಲಿ ಕೂತ್ರೂ ಹೊಟ್ಟೆ ತುಂಬತ್ತೆ" ಎಂದ. ಒಂದಷ್ಟು ಜನ ನಕ್ಕರು. ಮಟ್ಟಸಕ್ಕನ ಕಿವಿ ಕೆಂಪಾಯಿತು.

ಗಡಿಯಾರ ಅವನತ್ತ ತಿರುಗಿದ. "ಸಾವ್ಕಾರ್ರೇ, ನಾನು ಕೆಟ್ಟದಾಗಿ ಆಡಿ ಸೋಲ್ತಾ ಇದ್ದೀನಿ. ಅದರ ಹೆಗ್ಗಳಿಕೆ ಬೇರೆಯವರಿಗೆ ಕೊಡಬೇಡಿ."

ಎರಡನೆಯ ದಿನ ಗಾಳಿ ತಿರುಗಿತು. ಗಡಿಯಾರದ ಲಯ ಕೂತುಬಿಟ್ಟಿತು. ಗುಬ್ಬಿ ಒಡೆದಾಗ ಒಂದು ಚೆಂಡೂ ಬೀಳದೆ ಹೋಗುವುದು, ಅವನು ಕೂರುವುದು, ಗಡಿಯಾರ ಎದ್ದು ಒಂದರಿಂದ ಒಂಬತ್ತನ್ನೂ ಮೂಟೆ ಕಟ್ಟುವುದು. ಅಂತರ ಒಂಬತ್ತರಿಂದ ನಾಲ್ಕಕ್ಕೆ, ನಾಲ್ಕರಿಂದ ಎರಡಕ್ಕೆ ಇಳಿಯಿತು. ಗುಬ್ಬಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಕುಣಿಯಲಾರದವಳಿಗೆ ನೆಲ ಡೊಂಕಾಯಿತು.

"ಅಕ್ಕಾ, ಗ್ಯಾಪ್ ಇದೆ."

ಅವಳು ಬಾಗಿ ನೋಡಿದಳು. "ಇಲ್ಲ."

"ಇದೆ. ಮತ್ತೆ ಜೋಡ್ಸು."

ಮತ್ತೆ ಜೋಡಿಸಿದಳು. ಅವನು ಒಡೆದ, ಏನೂ ಬೀಳಲಿಲ್ಲ. ಅವನ ಮುಂದಿನ ಸರದಿ ಬಂದಾಗ ಪುನಃ, "ಎರಡರ ಹಿಂದೆ ಗ್ಯಾಪ್ ಇದೆ."

"ಇಲ್ಲಿ ಬಾ." ಅವಳ ದನಿ ಏರಲಿಲ್ಲ. "ಬಗ್ಗು. ಕೆನ್ನೆ ಬಟ್ಟೆಗೆ ಇಡು. ಎಲ್ಲಿ ಬೆಳಕು ಕಾಣತ್ತೆ, ಬೆರಳಿಟ್ಟು ತೋರ್ಸು."

ಎರಡು ಪ್ರಶಸ್ತಿ ಗೆದ್ದ ಆಟಗಾರ ಇನ್ನೂರು ಜನರ ಮುಂದೆ ಮೇಜಿಗೆ ಕೆನ್ನೆ ಒತ್ತಿ ನೋಡಿದ. ತುಂಬ ಹೊತ್ತು ನೋಡಿದ. ತೋರಿಸಲು ಏನೂ ಇರಲಿಲ್ಲ. ಎದ್ದಾಗ ಅವನ ಕೆನ್ನೆಯ ಮೇಲೆ ನೀಲಿ ಸುಣ್ಣದ ಪುಡಿ ಮೆತ್ತಿತ್ತು. ಸಭೆ ಗೊಳ್ಳೆಂದಿತು. ಗಡಿಯಾರ ಮಾತ್ರ ನಗದೆ ಕಿಟಕಿಯತ್ತ ನೋಡುತ್ತಿದ್ದ. ನಗುವನ್ನು ಹತ್ತಿಕ್ಕಿಕೊಂಡಿದ್ದಾನೆ ಎಂಬುದು ಅವನ ಭುಜಗಳಿಂದ ಗೊತ್ತಾಗುತ್ತಿತ್ತು. ಸಂಜೆಗೆ ಐವತ್ತು–ನಲವತ್ತೊಂಬತ್ತು. ಗುಬ್ಬಿಯ ಬಳಿ ಉಳಿದದ್ದು ಒಂದೇ ಆಟದ ಮುನ್ನಡೆ. ಅಕ್ಕನಿಗೆ ಹೇಳದೆ ಹೊರಟುಹೋದ.

ಮನೆಯಲ್ಲಿ ಗಂಡ ಕೇಳಿದ: "ನಾಳೆ ತಮ್ಮ ಸೋತ್ರೆ?"

"ಸೋಲ್ತಾನೆ."

"ಗೆದ್ರೆ?"

"ಗೆಲ್ತಾನೆ. ನೀವು ಬಸ್ಸಲ್ಲಿ ಮೊಬೈಲ್ ನೋಡ್ಬೇಡಿ, ರಸ್ತೆ ನೋಡಿ."

ಮೂರನೆಯ ದಿನ ನಿಲ್ಲಲೂ ಜಾಗವಿರಲಿಲ್ಲ. ಬಾಗಿಲ ಆಚೆ ಗಾಜಿಗೆ ಮುಖ ಒತ್ತಿ ಜನ ನಿಂತಿದ್ದರು. ಇಬ್ಬರೂ ಆ ದಿನ ಆಡಿದಂತೆ ಹಿಂದೆ ಆಡಿರಲಿಲ್ಲ. ಒಬ್ಬ ಅಸಾಧ್ಯದ ಚೆಂಡನ್ನು ಮೂರು ಅಂಚಿಗೆ ತಾಗಿಸಿ ಬೀಳಿಸಿದರೆ ಇನ್ನೊಬ್ಬ ಅದಕ್ಕಿಂತ ಅಸಾಧ್ಯದ್ದನ್ನು ಬೀಳಿಸುತ್ತಿದ್ದ. ಅರವತ್ತು ಸಮ. ಅರವತ್ತಾರು ಸಮ. ಎಪ್ಪತ್ತು–ಎಪ್ಪತ್ತೆರಡು, ಗಡಿಯಾರ ಮುಂದೆ. ಗುಬ್ಬಿ ಎರಡನ್ನು ಬಾಚಿಕೊಂಡ. ಮತ್ತೆ ಎರಡು ಇವನಿಗೆ, ಎರಡು ಅವನಿಗೆ. ಮಟ್ಟಸಕ್ಕನ ಸೊಂಟ ಬಿದ್ದುಹೋಗುವಂತಿತ್ತು, ಆದರೆ ಪ್ರತಿ ಸಲ ಚೌಕಟ್ಟಿನ ಮುಂದೆ ಬಾಗಿದಾಗ ಅದೆಲ್ಲ ಮರೆತುಹೋಗುತ್ತಿತ್ತು. ಕೊನೆಗೆ ಎಪ್ಪತ್ನಾಲ್ಕು–ಎಪ್ಪತ್ನಾಲ್ಕು. ಉಳಿದದ್ದು ಒಂದೇ ಆಟ. ಒಡೆಯುವ ಸರದಿ ಗಡಿಯಾರದ್ದು.

ಅವಳು ಒಂಬತ್ತೂ ಚೆಂಡುಗಳನ್ನು ಒಂದೊಂದಾಗಿ ಒರೆಸಿದಳು. ಜೋಡಿಸಿ, ಒತ್ತಿ, ಎತ್ತಿ, ಹಿಂದೆ ಸರಿದಳು.

ಗಡಿಯಾರ ಒಡೆದಾಗ ಎರಡೂ ಐದೂ ಬಿದ್ದವು. ಒಂದು ಹೋಯಿತು, ಮೂರು ಹೋಯಿತು. ನಾಲ್ಕಕ್ಕೆ ಬಾಗಿದ, ಮೂರು ಸಲ ಎಳೆದ, ಹೋಯಿತು. ಆರೂ ಹೋಗಿ, ಏಳು, ಎಂಟು, ಒಂಬತ್ತು ಉಳಿದವು. ಆದರೆ ಬಿಳಿ ಚೆಂಡು ಉರುಳಿ ಉರುಳಿ, ಬೇಕಿದ್ದದ್ದಕ್ಕಿಂತ ಒಂದು ಗೇಣು ಹೆಚ್ಚಿಗೆ ಹೋಗಿ ಏಳರ ಬೆನ್ನಿಗೇ ನಿಂತಿತು. ನಡುವೆ ಕಿರುಬೆರಳು ತೂರುವುದೂ ಕಷ್ಟ. ಇಷ್ಟು ಹತ್ತಿರವಿದ್ದಾಗ ಕೋಲಿನ ತುದಿ ಬಿಳಿ ಚೆಂಡನ್ನು ಹೊಡೆದು ಹಿಂದೆ ಸರಿಯುವ ಮೊದಲೇ ಇನ್ನೊಮ್ಮೆ ತಾಗಿಬಿಡುತ್ತದೆ. ಎರಡು ಸಲ ತಾಗಿದರೆ ಫೌಲ್.

"ಮೂವತ್ತು" ಎಂದಳು ಮಟ್ಟಸಕ್ಕ.

ಗಡಿಯಾರ ಕೋಲಿನ ಹಿಂಭಾಗ ಎತ್ತಿ, ಮೇಲಿನಿಂದ ಚುಚ್ಚುವಂತೆ ಮೆಲ್ಲಗೆ ಹೊಡೆದ. ಏಳು ಮೂಲೆಗೆ ಜಾರಿ ಬಿತ್ತು. ಬಿಳಿ ಚೆಂಡು ಅವನಿಗೆ ಬೇಕಾದಲ್ಲೇ ನಿಂತಿತು. ಟೈರ್ ವ್ಯಾಪಾರಿಯ ಕಡೆಯವರು ಆಗಲೇ ಎದ್ದು ಚಪ್ಪಾಳೆ ಹೊಡೆಯತೊಡಗಿದ್ದರು.

ಅವಳಿಗೆ ಕೇಳಿಸಿದ್ದು ಟಕ್ ಅಲ್ಲ. ಟ-ಟಕ್. ಹತ್ತನೆಯ ವಯಸ್ಸಿನಿಂದ ಆ ಸದ್ದುಗಳ ನಡುವೆ ಬೆಳೆದವಳು ಅವಳು. ಹೇಳಿದರೆ ಏನಾಗುತ್ತದೆ ಎಂಬುದು ಆ ಒಂದು ಉಸಿರಿನಲ್ಲೇ ಅವಳ ಕಣ್ಣ ಮುಂದೆ ಹಾದುಹೋಯಿತು. ತಮ್ಮನ ವಿರುದ್ಧ ಸತ್ಯ ಹೇಳುವುದು ಒಂದು ಸಲ ಆಗಿತ್ತು, ಅದು ಸುಲಭವಿತ್ತು. ಅವನ ಪರವಾಗಿ ಹೇಳಬೇಕಾದ ಸತ್ಯ ನಾಲಿಗೆಯ ಮೇಲೆ ಕಲ್ಲಿನಂತೆ ಕೂತಿತ್ತು.

"ಫೌಲ್" ಎಂದಳು. "ಎರಡು ಸಲ ತಾಗಿದೆ."

ಗದ್ದಲ ಜೇನುಗೂಡಿಗೆ ಕಲ್ಲು ಬಿದ್ದಂತೆ ಎದ್ದಿತು. ಟೈರ್ ವ್ಯಾಪಾರಿ ಕುರ್ಚಿ ಒದ್ದು ಮುಂದೆ ಬಂದ. "ಮೂರು ದಿನ ನಾಟಕ ಮಾಡಿ ಕೊನೇಲಿ ಬುದ್ಧಿ ತೋರ್ಸಿದ್ರಲ್ಲ. ವಿಡಿಯೋ ಹಾಕಿ, ವಿಡಿಯೋ." ಯಾರೋ ಮೊಬೈಲಿನಲ್ಲಿ ಹಾಕಿದರು. ಚಿತ್ರದಲ್ಲಿ ಏನೂ ತಿಳಿಯಲಿಲ್ಲ. ಸದ್ದಿನ ಜಾಗದಲ್ಲಿ ಯಾರದೋ ಕೆಮ್ಮು ಇತ್ತು.

ಗುಬ್ಬಿ ಎದ್ದು ಬಂದ. ಮುಖ ಬಿಳಿಚಿತ್ತು. "ಅಕ್ಕಾ, ನಂಗೇನೂ ಕೇಳಿಸ್ಲಿಲ್ಲ. ಬಿಟ್ಬಿಡು."

"ನಿನ್ನ ಯಾರು ಕೇಳಿದ್ರು? ಹೋಗಿ ಕೂತ್ಕೋ."

ಎಲ್ಲರೂ ಗಡಿಯಾರದತ್ತ ತಿರುಗಿದರು. ಅವನು ಕೋಲಿನ ತುದಿಯನ್ನು ದೀಪಕ್ಕೆ ಹಿಡಿದು ನೋಡಿದ. ಅವನ ಅಭ್ಯಾಸದಂತೆ ಅದಕ್ಕೂ ಅವನದೇ ಸಮಯ ತೆಗೆದುಕೊಂಡ. ಆಮೇಲೆ ಬಿಳಿ ಚೆಂಡನ್ನು ಕೈಗೆತ್ತಿಕೊಂಡು ಗುಬ್ಬಿಯ ಅಂಗೈಯಲ್ಲಿಟ್ಟ.

"ಕೈಗೆ ಗೊತ್ತಾಯ್ತು, ತಾಗಿತು" ಎಂದ. "ಅವರು ಕೂಗದೇ ಇದ್ದಿದ್ರೆ ನಾನು ಹೇಳ್ತಿದ್ನೋ ಇಲ್ವೋ, ಅದು ನಂಗೇ ಗೊತ್ತಿಲ್ಲ. ಅದಕ್ಕೇ ಅವರನ್ನ ಕರೆಸಿದ್ದು." ಕುರ್ಚಿಗೆ ಹೋಗಿ ಕೂತ. ಟೈರ್ ವ್ಯಾಪಾರಿಗೆ ಕೂರಲು ಕುರ್ಚಿ ನೆಟ್ಟಗೆ ಮಾಡಿಕೊಳ್ಳಬೇಕಾಯಿತು.

ಬಿಳಿ ಚೆಂಡನ್ನು ಎಲ್ಲಿ ಬೇಕಾದರೂ ಇಡುವ ಹಕ್ಕು ಈಗ ಗುಬ್ಬಿಯದು. ಎಂಟು ಸುಲಭವಾಗಿ ಬಿತ್ತು. ಆದರೆ ಕೈ ಬಿಗಿಯಾಗಿತ್ತೋ ಏನೋ, ಬಿಳಿ ಚೆಂಡು ಮೇಜಿನ ಆ ತುದಿಗೆ ಓಡಿಬಿಟ್ಟಿತು. ಒಂಬತ್ತು ಈ ತುದಿಯಲ್ಲಿ, ಅಂಚಿಗೆ ಅಂಟಿಕೊಂಡು. ತೆಳ್ಳಗೆ ಸವರಿ ಬೀಳಿಸಬೇಕು. ಹತ್ತಕ್ಕೆ ಐದು ಸಲ ತಪ್ಪುವ ಹೊಡೆತ.

ಗುಬ್ಬಿ ಬಾಗಿದ, ಎದ್ದ. ಮೇಜನ್ನು ಒಂದು ಸುತ್ತು ಹಾಕಿದ, ಇನ್ನೊಂದು ಸುತ್ತು ಹಾಕಿದ. ಜೀವಮಾನದಲ್ಲಿ ಹೀಗೆ ಮಾಡಿದವನಲ್ಲ. ಅಕ್ಕನ ಮುಖ ನೋಡಿದ. ಅವಳಿಗೆ ಅರ್ಥವಾಯಿತು: ತಪ್ಪಿಸಿಬಿಟ್ಟರೆ ಯಾರೂ ಅಕ್ಕನನ್ನು ಆಡಿಕೊಳ್ಳುವುದಿಲ್ಲ ಎಂದು ಅವನು ಲೆಕ್ಕ ಹಾಕುತ್ತಿದ್ದಾನೆ. ಅವಳಿಗೆ ಅವನ ಮೇಲೆ ಸಿಟ್ಟು ಬಂತು. ಆಟದ ನಡುವೆ ಅವಳು ಆಡಬಹುದಾದ ಮಾತು ಒಂದೇ ಇತ್ತು.

"ಮೂವತ್ತು" ಎಂದಳು.

ಗಡಿಯಾರಕ್ಕೆಂದು ಹೂಡಿದ ಆ ಮಾತು ಮೂರು ದಿನದಲ್ಲಿ ಗುಬ್ಬಿಗೇ ಬಿದ್ದದ್ದು ಅದೇ ಮೊದಲು. ಯಾರೋ ಕಿಸಕ್ಕೆಂದರು. ನಗು ಸಾಲಿನಿಂದ ಸಾಲಿಗೆ ಹಬ್ಬಿ, ಕುರ್ಚಿಯಲ್ಲಿ ಕೂತ ಗಡಿಯಾರವೂ ಮುಖಕ್ಕೆ ಕೈ ಅಡ್ಡ ಹಿಡಿದ. ಗುಬ್ಬಿಗೂ ನಗು ಬಂತು. ನಗುತ್ತಲೇ ಬಾಗಿದ, ನಗುತ್ತಲೇ ಹೊಡೆದ. ಬಿಳಿ ಚೆಂಡು ಮೇಜಿನುದ್ದ ಹರಿದು ಒಂಬತ್ತರ ಕಿವಿ ಸವರಿತು. ಒಂಬತ್ತು ಅಂಚು ಹಿಡಿದು ತೆವಳಿ, ಬಾಯಿಯ ಬಳಿ ಒಂದು ಕ್ಷಣ ತೂಕಡಿಸಿ, ಒಳಗೆ ಹೋಯಿತು.

ಆಮೇಲೆ ಯಾರು ಯಾರನ್ನು ಅಪ್ಪಿಕೊಂಡರೋ ಅವಳಿಗೆ ನೆನಪಿಲ್ಲ. ಅವಳು ಒಂಬತ್ತನ್ನು ಗುಂಡಿಯಿಂದ ತೆಗೆದು ಒರೆಸುತ್ತಿದ್ದಳು. ಗಡಿಯಾರ ಬಂದು ಮೊದಲು ಅವಳ ಕೈ ಕುಲುಕಿದ, ಆಮೇಲೆ ಗುಬ್ಬಿಯದು. "ಮುಂದಿನ ಸಲ ತೊಂಬತ್ತು ಆಟಕ್ಕೆ ಆಡೋಣ" ಎಂದ ಗುಬ್ಬಿಗೆ. "ನೂರಕ್ಕೆ" ಎಂದ ಗುಬ್ಬಿ. ಅಲ್ಲೇ ಇಬ್ಬರೂ ಜಗಳ ಶುರು ಮಾಡಿದರು.

ಗಂಡ ಮೊಬೈಲ್ ನೋಡಿರಲಿಲ್ಲ. ಆದರೆ ಪ್ರತಿ ನಿಲ್ದಾಣದಲ್ಲೂ ಹತ್ತಿದವರು ಅಂಕ ಹೇಳುತ್ತಿದ್ದದ್ದು ಅವನ ಕಿವಿಗೆ ಬೀಳುತ್ತಿತ್ತು. ಫೌಲ್ ಸುದ್ದಿ ಬಂದಾಗ ಬಸ್ಸಿನೊಳಗೇ ಎರಡು ಪಕ್ಷವಾಗಿ, ಇಳಿಯಬೇಕಾದವರು ಇಳಿಯಲು ಮರೆತಿದ್ದರಂತೆ. "ನಾನು ಬಾಯೇ ಬಿಡ್ಲಿಲ್ಲ. ಫೌಲ್ ಅಂದವಳು ನನ್ನ ಹೆಂಡ್ತಿ ಅಂತ ಗೊತ್ತಾಗಿದ್ರೆ ಅರ್ಧ ಬಸ್ಸು ನನ್ನ ಹೊಡೀತಿತ್ತು" ಎಂದ. ಗುಬ್ಬಿಯ ಹೆಂಡತಿ ಅದೇ ವಾರ ಮೇಲಂತಸ್ತಿಗೆ ಇಟ್ಟಿಗೆ ತರಿಸಿದಳು, ಗಂಡ ಮತ್ತೆ ಪಣಕ್ಕಿಡುವ ಮೊದಲು.

ಊರ ಬಾಯಿಗೆ ಮುಚ್ಚಳವಿಲ್ಲ. ಆ ಸದ್ದು ಒಂದೋ ಎರಡೋ ಎಂದು ಇಂಟರ್ನೆಟ್ಟಿನಲ್ಲಿ ಜನ ಇನ್ನೂ ಕಿತ್ತಾಡುತ್ತಿದ್ದರು. ಕಾರ್ಖಾನೆಯ ಮೇಲ್ವಿಚಾರಕ ರಜೆಯ ಅರ್ಜಿ ತೆಗೆದು, "ಮನೆ ಕೆಲಸ ಅಂದ್ರೆ ಇದಾ?" ಎಂದು ಕೇಳಿದ. "ತಮ್ಮನ ಕೆಲಸ ಮನೆ ಕೆಲಸ ಅಲ್ವಾ ಸಾರ್" ಎಂದಳು.

ತಿಂಗಳು ಕಳೆಯುವಷ್ಟರಲ್ಲಿ ಇಬ್ಬರೂ ನೂರಕ್ಕೆ ಒಪ್ಪಿಕೊಂಡಿದ್ದರು. ಜಾಗ ಗೊತ್ತಾಗಿತ್ತು, ಕ್ಯಾಮೆರಾದವರು ಮುಂಗಡ ಕೊಟ್ಟಿದ್ದರು. ಒಂದು ಸಂಜೆ ಗುಬ್ಬಿ, ಗಡಿಯಾರ ಇಬ್ಬರೂ ಬೈಂಡಿಂಗ್ ಕಾರ್ಖಾನೆಯ ಗೇಟಿನ ಮುಂದೆ ಒಬ್ಬರ ಪಕ್ಕ ಒಬ್ಬರು ನಿಂತಿದ್ದರು, ಶಿಕ್ಷೆಗೆ ನಿಂತ ಮಕ್ಕಳಂತೆ.

ಮಟ್ಟಸಕ್ಕ ಕೈಯ ಅಂಟು ಒರೆಸಿಕೊಳ್ಳುತ್ತ ಹೊರಗೆ ಬಂದಳು. ವಿಷಯ ಕೇಳಿದಳು.

"ಪಠ್ಯಪುಸ್ತಕದ ಕೆಲಸ ಬಂದಿದೆ. ಶಾಲೆ ಶುರುವಾಗೋವರೆಗೆ ಒಂದು ದಿನಾನೂ ರಜೆ ಇಲ್ಲ" ಎಂದಳು. "ಎರಡೂವರೆ ತಿಂಗಳು ಕಾಯ್ತೀರಾ, ಬೇರೆಯವರನ್ನ ನೋಡ್ಕೋತೀರಾ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಇಬ್ಬರ ಬಾಯಿಂದಲೂ ಒಂದೇ ಮಾತು ಬಂತು.

"ಕಾಯ್ತೀವಿ."